ಓಪನ್ ಡೇಟಾ ಇಟ್ಕೊಂಡು ಮಿದುಳಿನ ಕನೆಕ್ಟೋಮ್ ಕಟ್ಟೋದು ಹೇಗೆ: ಡೌನ್‌ಲೋಡಿಂದ ಮಾಡೆಲ್‌ವರೆಗೆ ಸಮಗ್ರ ಮಾರ್ಗದರ್ಶಿ

ಸ್ಕ್ಯಾನರ್ ಬೇಡ, ಲ್ಯಾಬ್ ಬೇಡ, ಒಂದು ಗಟ್ಟಿ ಲ್ಯಾಪ್‌ಟಾಪು ಮತ್ತೆ ನೆಟ್ ಇದ್ರೆ ಮನೇಲೇ ಕೂತು ಮನುಷ್ಯನ ಮಿದುಳಿನ ಕನೆಕ್ಷನ್ ಮ್ಯಾಪ್, ಅಂದ್ರೆ ಕನೆಕ್ಟೋಮ್, ಮಾಡಬಹುದು. ಇಂಜಿನಿಯರಿಂಗ್ ಓದ್ತಿರೋರು, ಎಂಬಿಬಿಎಸ್ ಹುಡುಗರು, ಸೈಕಾಲಜಿ ಎಂಎಸ್ಸಿ ಮಾಡ್ತಿರೋರು ಎಲ್ರೂ ಕೇಳೋದು ಒಂದೇ, ಎಲ್ಲಿಂದ ಶುರು ಮಾಡೋದು ಅಂತ. ಅದಕ್ಕೇ ಮೊದಲಿಂದ ಕೊನೇವರೆಗೂ ಒಂದೇ ಕಡೆ ಬರೀತಿದೀನಿ. ಇದನ್ನ ಪೂರ್ತಿ ಮಾಡಿದ್ರೆ ನಿಮ್ಮ ಹತ್ರ ಎರಡು ಮ್ಯಾಟ್ರಿಕ್ಸ್ (ಯಾವ ಪ್ರದೇಶ ಯಾವುದಕ್ಕೆ ಎಷ್ಟು ಕನೆಕ್ಟ್ ಆಗಿದೆ ಅನ್ನೋ ಸಂಖ್ಯೆಗಳ ಕೋಷ್ಟಕ) ಇರತ್ತೆ, ಒಂದು ಸ್ಟ್ರಕ್ಚರಲ್, ಇನ್ನೊಂದು ಫಂಕ್ಷನಲ್, ಜೊತೆಗೆ ಮೊದಲನೇದ್ರಿಂದ ಎರಡನೇದನ್ನ ಹುಟ್ಟಿಸೋಕೆ ನೋಡೋ ಒಂದು ಸಣ್ಣ ಮಾಡೆಲ್.

ಶುರು ಮಾಡೋಕೆ ಮುಂಚೆ ಏನು ಸಿಗತ್ತೆ, ಏನು ಸಿಗಲ್ಲ ಅನ್ನೋದು ಗೊತ್ತಿರ್ಲಿ. ಸಿ. ಎಲಿಗನ್ಸ್ ಅನ್ನೋ ಹುಳಕ್ಕೆ ಇರೋದು 302 ನ್ಯೂರಾನ್, ಅದರ ವೈರಿಂಗ್ ಪೂರ್ತಿ ಪ್ರಕಟ ಆಗಿದ್ದು 1986ರಲ್ಲಿ. ಹಣ್ಣಿನ ನೊಣದ ಮಿದುಳು, ಹತ್ತಿರ ಹತ್ತಿರ 1.4 ಲಕ್ಷ ನ್ಯೂರಾನ್, 2024ರಲ್ಲಿ ಆಯ್ತು. ಎರಡೂ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಲಸ. ಮನುಷ್ಯನಿಗೆ ಸುಮಾರು 8,600 ಕೋಟಿ ನ್ಯೂರಾನ್, ನಮ್ಮ ಹತ್ರ ಇರೋದು ಎಂಆರ್‌ಐ, ಅದರ ಒಂದು ವಾಕ್ಸೆಲ್ ಅಂದ್ರೆ ಹೆಚ್ಚುಕಮ್ಮಿ 2 ಮಿಲಿಮೀಟರ್ ಕ್ಯೂಬು, ಆಕ್ಸಾನ್‌ನ ದಪ್ಪ ಮೈಕ್ರೋಮೀಟರ್ ಲೆಕ್ಕದಲ್ಲಿರೋದು, ಅಂದ್ಮೇಲೆ ಒಂದೊಂದು ವಾಕ್ಸೆಲ್‌ನಲ್ಲಿ ಲಕ್ಷಗಟ್ಟಲೆ ಆಕ್ಸಾನ್ ಇರತ್ತೆ. ಹಾಗಾಗಿ ನಾವು ಮಾಡೋದು ನ್ಯೂರಾನ್ ಮ್ಯಾಪ್ ಅಲ್ಲ, ಪ್ರದೇಶ ಪ್ರದೇಶದ ನಡುವಿನ ಮ್ಯಾಪ್. ಅದರಲ್ಲಿರೋ ಪ್ರತಿ ನಂಬರೂ ನೇರವಾಗಿ ಅಳೆದಿದ್ದಲ್ಲ, ಸಿಗ್ನಲ್ ನೋಡಿ ಹಂತ ಹಂತವಾಗಿ ಅಂದಾಜು ಮಾಡಿದ್ದು. ಪ್ರತಿ ಹಂತದಲ್ಲೂ ನೀವು ಏನೋ ಒಂದು ಆಯ್ಕೆ ಮಾಡಿರ್ತೀರಿ. 2020ರಲ್ಲಿ ನೇಚರ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ 108 ಜನರ ಒಂದೇ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸೋ ಎಂಆರ್‌ಐ) ಡೇಟಾನ 70 ಟೀಮುಗಳಿಗೆ ಕೊಟ್ಟು ಅದೇ 9 ಪ್ರಶ್ನೆ ಕೇಳಿದ್ರು, ಯಾವ ಎರಡು ಟೀಮೂ ಒಂದೇ ದಾರಿ ಹಿಡೀಲಿಲ್ಲ, ಹಲವು ಪ್ರಶ್ನೆಗೆ ಉತ್ತರಾನೂ ಬೇರೆ ಬೇರೆ ಬಂತು. ಅದಕ್ಕೇ ಈ ಇಡೀ ಕೆಲಸದಲ್ಲಿ ಎರಡು ಅಭ್ಯಾಸ ಬಿಡಬೇಡಿ: ಪ್ರತಿ ಹಂತ ಆದ್ಮೇಲೆ ಚಿತ್ರಾನ ಕಣ್ಣಾರೆ ನೋಡೋದು, ಮಾಡಿದ ಪ್ರತಿ ಆಯ್ಕೆನೂ ಬರೆದಿಡೋದು.

ಹಂತ 1: ಪ್ರಶ್ನೆ ಮೊದಲು

ಸ್ಟ್ರಕ್ಚರಲ್ ಕನೆಕ್ಟಿವಿಟಿ ಅಂದ್ರೆ ಬಿಳಿ ದ್ರವ್ಯದ ನಾರುಗಳ ಅಂದಾಜು, ಡಿಫ್ಯೂಷನ್ ಎಂಆರ್‌ಐ ಇಂದ ಬರತ್ತೆ. ಫಂಕ್ಷನಲ್ ಅಂದ್ರೆ ಎರಡು ಪ್ರದೇಶದ ಸಿಗ್ನಲ್ ಒಟ್ಟಿಗೆ ಏರಿಳಿಯತ್ತಾ ಅನ್ನೋದು, ಅಷ್ಟೇ. ಎರಡು ಅಂಗಡಿ ದಿನಾ ಒಂದೇ ಹೊತ್ತಿಗೆ ಬಾಗಿಲು ತೆಗೆದ್ರೆ ಅವರಿಬ್ಬರೂ ಮಾತಾಡ್ಕೊಂಡಿದಾರೆ ಅಂತ ಆಗಲ್ಲ, ಆ ಏರಿಯಾಗೆ ಕರೆಂಟ್ ಬರೋದೇ ಆ ಹೊತ್ತಿಗೆ ಇರಬಹುದು. ಕೋರಿಲೇಷನ್ ಕೂಡ ಹಾಗೇನೆ, ಮೂರನೇ ಪ್ರದೇಶ ಇಬ್ಬರನ್ನೂ ಓಡಿಸ್ತಿರಬಹುದು, ಉಸಿರಾಟಾನೋ ತಲೆ ಅಲುಗಾಟಾನೋ ಇರಬಹುದು. ಯಾರು ಯಾರಿಗೆ ಸಿಗ್ನಲ್ ಕೊಡ್ತಿದಾರೆ ಅನ್ನೋ ದಿಕ್ಕು ಬೇಕಂದ್ರೆ ಅದು ಎಫೆಕ್ಟಿವ್ ಕನೆಕ್ಟಿವಿಟಿ, ಮಾಡೆಲ್ ಇಲ್ದೆ ಸಿಗಲ್ಲ. ಡಿಫ್ಯೂಷನ್ ಡೇಟಾದಿಂದ ನಾರುಗಳ ದಾರಿ ಹುಡುಕೋ ಟ್ರಾಕ್ಟೋಗ್ರಫಿನೂ ದಿಕ್ಕು ಹೇಳಲ್ಲ ಅನ್ನೋದನ್ನ ತುಂಬಾ ಜನ ಮರೀತಾರೆ.

ಮೊದಲ ಸಲಕ್ಕೆ ಚಿಕ್ಕ ಪ್ರಶ್ನೆ ಇಟ್ಕೊಳ್ಳಿ. ಎಡ-ಬಲ ಅರ್ಧಗೋಳದ ಜೋಡಿ ಪ್ರದೇಶಗಳ ಕನೆಕ್ಷನ್ ಎಷ್ಟು ಗಟ್ಟಿ ಅಂತ ನೋಡೋದು ಸಾಕು. ಕಾಯಿಲೆ ಇರೋರು ಇಲ್ದೋರು ವ್ಯತ್ಯಾಸ, ಐಕ್ಯೂ ಜೊತೆ ಸಂಬಂಧ, ಇದಕ್ಕೆಲ್ಲ ಈಗ್ಲೇ ಕೈ ಹಾಕಬೇಡಿ. ಮಿದುಳು ಮತ್ತೆ ನಡವಳಿಕೆ ಸಂಬಂಧ ಹುಡುಕೋ ಅಧ್ಯಯನಗಳು ನಿಲ್ಲಬೇಕು ಅಂದ್ರೆ ಸಾವಿರಾರು ಜನರ ಡೇಟಾ ಬೇಕು ಅಂತ 2022ರಲ್ಲಿ ಮರೆಕ್ ಮತ್ತವರ ತಂಡ ತೋರಿಸಿದೆ, 30 ಜನರ ಮೇಲೆ ಮಾಡಿ ಫಲಿತಾಂಶ ಬಂತು ಅಂದ್ರೆ ಅದು ಬಹುತೇಕ ನಾಯ್ಸ್.

ಹಂತ 2: ಮಷೀನು, ಸಾಫ್ಟ್‌ವೇರು

16 ಜಿಬಿ ರ‍್ಯಾಮ್ ಕನಿಷ್ಠ, 32 ಇದ್ರೆ ನೆಮ್ಮದಿ. ಡಿಸ್ಕ್‌ನಲ್ಲಿ ಒಂದಿನ್ನೂರು ಜಿಬಿ ಖಾಲಿ ಇಟ್ಕೊಳ್ಳಿ. ವಿಂಡೋಸ್ ಇದ್ರೆ ಡಬ್ಲ್ಯುಎಸ್‌ಎಲ್2 ಹಾಕಿ ಅದರೊಳಗೆ ಲಿನಕ್ಸ್. ಸಾಫ್ಟ್‌ವೇರುಗಳನ್ನ ಒಂದೊಂದಾಗಿ ಇನ್‌ಸ್ಟಾಲ್ ಮಾಡೋ ತಲೆನೋವು ಬೇಡ, ಎಲ್ಲಾ ಒಳಗೇ ಕಟ್ಟಿಟ್ಟಿರೋ ಡಾಕರ್ ಕಂಟೇನರ್ ಬಳಸಿ, ಕಾಲೇಜಿನ ಸರ್ವರ್ ಸಿಕ್ಕಿದ್ರೆ ಅಲ್ಲಿ ಸಾಮಾನ್ಯವಾಗಿ ಅಂಥದ್ದೇ ಆಪ್‌ಟೇನರ್ ಇರತ್ತೆ. ಏನೂ ಇಲ್ದಿದ್ರೆ ನ್ಯೂರೋಡೆಸ್ಕ್ ಅಂತಿದೆ, ಬ್ರೌಸರ್‌ನಲ್ಲೇ ಓಪನ್ ಆಗತ್ತೆ, ಬೇಕಾದ ಟೂಲೆಲ್ಲ ಒಳಗೇ ಇರತ್ತೆ. ನಮಗೆ ಬೇಕಾಗೋದು ನಾಲ್ಕು: ಎಫ್‌ಎಂಆರ್‌ಐಪ್ರೆಪ್, ಎಂಆರ್‌ಟ್ರಿಕ್ಸ್3, ಎಫ್‌ಎಸ್‌ಎಲ್, ಮತ್ತೆ ಪೈಥಾನ್‌ನಲ್ಲಿ ನೈಲರ್ನ್. ಎಫ್‌ಎಂಆರ್‌ಐಪ್ರೆಪ್‌ಗೆ ಫ್ರೀಸರ್ಫರ್ ಲೈಸೆನ್ಸ್ ಫೈಲ್ ಬೇಕು, ದುಡ್ಡೇನಿಲ್ಲ, ರಿಜಿಸ್ಟರ್ ಮಾಡಿದ್ರೆ ಮೇಲ್‌ಗೆ ಬರತ್ತೆ. ಯಾವ ವರ್ಷನ್ ಅಂತ ಇವತ್ತೇ ಬರೆದಿಡಿ, ಮಧ್ಯದಲ್ಲಿ ಅಪ್‌ಡೇಟ್ ಮಾಡ್ಲೇಬೇಡಿ.

ಹಂತ 3: ಡೇಟಾ

ದೊಡ್ಡದು ಅಂದ್ರೆ ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್, ಅಮೆರಿಕದ ಎನ್‌ಐಎಚ್ 2010ರಲ್ಲಿ ಹಣ ಕೊಟ್ಟು ಶುರು ಮಾಡಿದ್ದು, 22ರಿಂದ 35 ವಯಸ್ಸಿನ ಸುಮಾರು 1,200 ಜನ, ಡಿಫ್ಯೂಷನ್ 1.25 ಮಿಲಿಮೀಟರ್ ರೆಸಲ್ಯೂಷನ್, ರೆಸ್ಟಿಂಗ್ ಎಫ್‌ಎಂಆರ್‌ಐ ಒಬ್ಬೊಬ್ಬರದ್ದು ಒಂದು ಗಂಟೆ. ಅದ್ಭುತ ಡೇಟಾ, ಆದ್ರೆ ಷರತ್ತುಗಳಿಗೆ ಒಪ್ಪಿಗೆ ಕೊಡಬೇಕು, ಫೈಲೂ ಭಾರೀ ದೊಡ್ಡದು. ಕಲಿಯೋಕೆ ಓಪನ್‌ನ್ಯೂರೋ ಅನ್ನೋ ಓಪನ್ ಡೇಟಾ ಸೈಟ್‌ನಲ್ಲಿರೋ ಡಿಎಸ್000030 ಒಳ್ಳೇದು. ಯುಸಿಎಲ್‌ಎ ತಂಡದ್ದು, 272 ಜನ: 130 ಆರೋಗ್ಯವಂತರು, 50 ಸ್ಕಿಜೋಫ್ರೀನಿಯಾ, 49 ಬೈಪೋಲಾರ್, 43 ಎಡಿಎಚ್‌ಡಿ. ಟಿ1 (ಮಿದುಳಿನ ರಚನೆ ತೋರಿಸೋ ಸ್ಕ್ಯಾನ್), ರೆಸ್ಟಿಂಗ್ ಎಫ್‌ಎಂಆರ್‌ಐ (ಸುಮ್ನೆ ಮಲಗಿದ್ದಾಗ ತೆಗೆದದ್ದು), 64 ದಿಕ್ಕಿನ ಡಿಫ್ಯೂಷನ್ ಮೂರೂ ಇದೆ, ಅಂದ್ರೆ ಒಬ್ಬರದ್ದೇ ಎರಡೂ ಮ್ಯಾಟ್ರಿಕ್ಸ್ ಕಟ್ಟಬಹುದು.

ಇಡೀ ಡೇಟಾಸೆಟ್ ಎಳ್ಕೋಬೇಡಿ. ಡೇಟಾಲ್ಯಾಡ್ ಅನ್ನೋ ಡೌನ್‌ಲೋಡ್ ಟೂಲ್‌ನಲ್ಲಿ ಕ್ಲೋನ್ ಕೊಟ್ರೆ ಬರೀ ಫೈಲ್ ಹೆಸರು ಬರತ್ತೆ, ಆಮೇಲೆ ಬೇಕಾದ ಸಬ್ಜೆಕ್ಟ್ ಫೋಲ್ಡರ್‌ಗೆ ಮಾತ್ರ ಗೆಟ್ ಕೊಡಿ, ಉದಾಹರಣೆಗೆ ಸಬ್-10159. ಫೈಲ್‌ಗಳು ಬಿಡ್ಸ್ ಪದ್ಧತೀಲಿ ಜೋಡಿಸಿರತ್ತೆ, 2016ರಲ್ಲಿ ಬಂದ ಈ ಪದ್ಧತಿ ಏನು ಮಾಡ್ತು ಅಂದ್ರೆ ಯಾವ ಲ್ಯಾಬಿನ ಡೇಟಾ ಆದ್ರೂ ಫೋಲ್ಡರ್ ಒಂದೇ ಥರ, ಫೈಲ್ ಹೆಸರು ಒಂದೇ ಥರ, ಸ್ಕ್ಯಾನ್ ಹೇಗೆ ತೆಗೆದ್ರು ಅನ್ನೋ ವಿವರ ಪಕ್ಕದಲ್ಲೇ ಜೇಸನ್ ಫೈಲ್‌ನಲ್ಲಿ, ಹಾಗಾಗಿ ನೀವು ಬರೆದ ಒಂದೇ ಸ್ಕ್ರಿಪ್ಟು ಜಗತ್ತಿನ ಯಾವ ಡೇಟಾ ಮೇಲಾದ್ರೂ ಓಡತ್ತೆ. ಬಿಡ್ಸ್ ವ್ಯಾಲಿಡೇಟರ್ ಒಂದ್ಸಲ ಓಡಿಸಿ. ಆಮೇಲೆ ಟಿ1 ಇಮೇಜ್‌ನ ಎಫ್‌ಎಸ್‌ಎಲ್‌ಐಸ್‌ನಲ್ಲಿ ತೆಗೆದು ಮೂರೂ ದಿಕ್ಕಲ್ಲಿ ಸ್ಕ್ರೋಲ್ ಮಾಡಿ. ಈ ಡೇಟಾಸೆಟ್‌ನ ಕೆಲವರ ಟಿ1ನಲ್ಲಿ ಗೋಸ್ಟಿಂಗ್ ಇದೆ, ಮಿದುಳಿನ ಮೇಲೆ ನೆರಳಿನ ಥರ ಇನ್ನೊಂದು ಅಂಚು ಕಾಣತ್ತೆ, ಅಂಥವರನ್ನ ಬಿಟ್ಟುಬಿಡಿ.

ಹಂತ 4: ಫಂಕ್ಷನಲ್ ಮ್ಯಾಟ್ರಿಕ್ಸ್

ಇದಕ್ಕೆ ಬುನಾದಿ ಹಾಕಿದ್ದು 1995ರ ಭರತ್ ಬಿಸ್ವಾಲ್ ಅವರ ಕೆಲಸ. ಸ್ಕ್ಯಾನರ್‌ನಲ್ಲಿ ಸುಮ್ನೆ ಮಲಗಿದ್ರೂ ಎಡ ಮತ್ತು ಬಲ ಮೋಟಾರ್ ಕಾರ್ಟೆಕ್ಸ್ ಒಟ್ಟಿಗೆ ನಿಧಾನಕ್ಕೆ ಏರಿಳಿಯತ್ತೆ ಅಂತ ತೋರಿಸಿದ್ರು.

ಎಫ್‌ಎಂಆರ್‌ಐಪ್ರೆಪ್ ಓಡಿಸಿ ರಾತ್ರಿ ಮಲಗಿ, ಸರ್ಫೇಸ್ ಕಟ್ಟೋದೂ ಸೇರಿ ಒಬ್ಬರಿಗೆ ಹಲವು ಗಂಟೆ ಹಿಡಿಯತ್ತೆ. ಬೆಳಗ್ಗೆ ಎದ್ದು ಎಚ್‌ಟಿಎಂಎಲ್ ರಿಪೋರ್ಟ್ ಓದಿ. ಅದರಲ್ಲಿ ಮುಖ್ಯವಾಗಿ ನೋಡೋದು ಮೂರು: ಮಿದುಳಿನ ಗಡಿ ಗೆರೆ ಸರಿಯಾಗಿ ಕೂತಿದೆಯಾ, ಎಫ್‌ಎಂಆರ್‌ಐ ಮತ್ತು ಟಿ1 ಒಂದರ ಮೇಲೊಂದು ಹೊಂದಿದೆಯಾ, ಕೆಳಗೆ ಕಾರ್ಪೆಟ್ ಪ್ಲಾಟ್‌ನಲ್ಲಿ (ಎಲ್ಲಾ ವಾಕ್ಸೆಲ್‌ಗಳ ಸಿಗ್ನಲ್ ಕಾಲದ ಜೊತೆ ಒಂದೇ ಚಿತ್ರದಲ್ಲಿ) ಮೇಲಿಂದ ಕೆಳಗಿನವರೆಗೆ ಉದ್ದುದ್ದ ಪಟ್ಟಿ ಇದೆಯಾ. ಪಟ್ಟಿ ಇದ್ದು, ಅದೇ ಕ್ಷಣದಲ್ಲಿ ಮೇಲಿನ ಎಫ್‌ಡಿ (ಒಂದು ಫ್ರೇಮಿಂದ ಇನ್ನೊಂದಕ್ಕೆ ತಲೆ ಎಷ್ಟು ಅಲುಗಿತು ಅನ್ನೋದು) ಗೆರೆ ನೆಗೆದಿದ್ರೆ ಅವರು ತಲೆ ಅಲ್ಲಾಡಿಸಿದಾರೆ ಅಂತ ಅರ್ಥ. 2012ರಲ್ಲಿ ಪವರ್ ಮತ್ತವರ ತಂಡ, ಜೊತೆಗೆ ಇನ್ನೆರಡು ತಂಡಗಳು ತೋರಿಸಿದ್ದು ಇದೇ, ಮಿಲಿಮೀಟರ್‌ಗಿಂತ ಕಮ್ಮಿ ಅಲುಗಾಟ ಸಾಕು, ಹತ್ತಿರದ ಪ್ರದೇಶಗಳ ಕನೆಕ್ಷನ್ ಸುಳ್ಳೇ ಜಾಸ್ತಿ, ದೂರದ್ದು ಸುಳ್ಳೇ ಕಮ್ಮಿ ಕಾಣತ್ತೆ. ಮಕ್ಕಳು, ವಯಸ್ಸಾದವರು, ಕಾಯಿಲೆ ಇರೋರು ಜಾಸ್ತಿ ಅಲ್ಲಾಡ್ತಾರೆ, ಅಂದ್ಮೇಲೆ ಕಾಯಿಲೆಯ ಗುರುತು ಅಂತ ನಾವಂದ್ಕೊಂಡಿದ್ದು ಬರೀ ಅಲುಗಾಟ ಆಗಿರೋಕೆ ಸಾಧ್ಯ.

ಈಗ ಕ್ಲೀನಿಂಗ್. ಇಲ್ಲೇ ಎಲ್ರೂ ಕಣ್ಮುಚ್ಚಿ ಯಾರದೋ ರೆಸಿಪಿ ಕಾಪಿ ಹೊಡೆಯೋದು, ಹಾಗೆ ಮಾಡಬೇಡಿ, ಲೆಕ್ಕ ಹಾಕಿ. ನಮ್ಮ ಡೇಟಾದಲ್ಲಿ 2 ಸೆಕೆಂಡಿಗೊಂದರಂತೆ 152 ಫ್ರೇಮ್, ಅಂದ್ರೆ ಬರೀ 5 ನಿಮಿಷ. 0.01ರಿಂದ 0.1 ಹರ್ಟ್ಜ್ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿದ್ರೆ, ಒಟ್ಟು ಇರೋದು 0.25 ಹರ್ಟ್ಜ್‌ವರೆಗೆ, ಉಳಿಯೋದು ಅದರ 36 ಪರ್ಸೆಂಟ್, ಹೆಚ್ಚುಕಮ್ಮಿ 55 ಡಿಗ್ರಿ ಆಫ್ ಫ್ರೀಡಂ, ಅಂದ್ರೆ ಸ್ವತಂತ್ರ ಮಾಹಿತಿಯ ತುಣುಕು. ಅದರ ಮೇಲೆ ಫೇಮಸ್ ಆಗಿರೋ 36 ಕನ್‌ಫೌಂಡ್ (ಅಲುಗಾಟ, ಉಸಿರಾಟದಂಥ ಕೊಳೆ ಸಿಗ್ನಲ್) ಮಾಡೆಲ್ ಹಾಕಿದ್ರೆ ಕೈಲಿ ಉಳಿಯೋದು ಸುಮಾರು 19. ಹತ್ತೊಂಬತ್ತು ಇಟ್ಕೊಂಡು 100 ಪ್ರದೇಶಗಳ ನಡುವಿನ 4,950 ಕೋರಿಲೇಷನ್ ಲೆಕ್ಕ ಹಾಕ್ತೀವಿ ಅಂದ್ರೆ ಏನು ನಂಬೋದು? ಇಷ್ಟು ಚಿಕ್ಕ ಸ್ಕ್ಯಾನ್‌ಗೆ ನಾನು 6 ಮೋಷನ್ ಮತ್ತು 5 ಎಕಾಂಪ್‌ಕಾರ್ (ಬಿಳಿ ದ್ರವ್ಯ, ಮಿದುಳಿನ ದ್ರವದಿಂದ ತೆಗೆದ ಕೊಳೆ ಸಿಗ್ನಲ್) ಅಷ್ಟೇ ಸಾಕು ಅಂತೀನಿ, ಎಫ್‌ಡಿ 0.5 ಮಿಲಿಮೀಟರ್ ದಾಟಿದ ಫ್ರೇಮ್ ತೆಗೀರಿ, ತೆಗೆದ್ಮೇಲೆ 4 ನಿಮಿಷಕ್ಕಿಂತ ಕಮ್ಮಿ ಉಳಿದ್ರೆ ಆ ವ್ಯಕ್ತೀನೇ ಬಿಡಿ. ಗ್ಲೋಬಲ್ ಸಿಗ್ನಲ್ (ಇಡೀ ಮಿದುಳಿನ ಸರಾಸರಿ) ತೆಗೀಬೇಕಾ ಬೇಡ್ವಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ, ತೆಗೆದ್ರೆ ಅಲುಗಾಟದ ಕೊಳೆ ಚೆನ್ನಾಗಿ ಹೋಗತ್ತೆ ಆದ್ರೆ ಇಲ್ದೇ ಇರೋ ನೆಗೆಟಿವ್ ಕೋರಿಲೇಷನ್ ಹುಟ್ಕೊಳ್ಳತ್ತೆ. ಎರಡೂ ರೀತಿ ಮಾಡಿ, ಎರಡನ್ನೂ ತೋರಿಸಿ. ಫಿಲ್ಟರ್ ಮತ್ತು ಕನ್‌ಫೌಂಡ್ ತೆಗೆಯೋದು ಒಂದೇ ಹಂತದಲ್ಲಿ ಆಗಬೇಕು, ಬೇರೆ ಬೇರೆ ಮಾಡಿದ್ರೆ ತೆಗೆದ ಕೊಳೆ ವಾಪಸ್ ಬರತ್ತೆ, ನೈಲರ್ನ್ ಅದನ್ನ ಸರಿಯಾಗಿ ನೋಡ್ಕೊಳ್ಳತ್ತೆ.

ಆಮೇಲೆ ಅಟ್ಲಾಸ್, ಅಂದ್ರೆ ಮಿದುಳನ್ನ ಪ್ರದೇಶಗಳಾಗಿ ಹಂಚಿರೋ ನಕ್ಷೆ. ಶೇಫರ್ 2018ರ ಅಟ್ಲಾಸ್ 100ರಿಂದ 1,000 ಪ್ರದೇಶದವರೆಗೆ ಸಿಗತ್ತೆ, ಗ್ಲಾಸರ್ 2016ರದ್ದು ಒಂದೊಂದು ಅರ್ಧಗೋಳಕ್ಕೆ 180. ನಮ್ಮ 5 ನಿಮಿಷಕ್ಕೆ 100 ಸಾಕು. ನೈಲರ್ನ್‌ನಲ್ಲಿ ಶೇಫರ್ ಅಟ್ಲಾಸ್ ಫೆಚ್ ಮಾಡಿ, ಲೇಬಲ್ಸ್ ಮಾಸ್ಕರ್‌ನಲ್ಲಿ ಪ್ರತಿ ಪ್ರದೇಶದ ಸರಾಸರಿ ಸಿಗ್ನಲ್ ತೆಗೆದು, ಕನೆಕ್ಟಿವಿಟಿ ಮೆಷರ್‌ಗೆ ಕೊಟ್ರೆ 100 ಗುಣಿಸು 100ರ ಮ್ಯಾಟ್ರಿಕ್ಸ್ ರೆಡಿ. ಜನರ ನಡುವೆ ಸರಾಸರಿ ತೆಗೆಯೋ ಮುಂಚೆ ಫಿಶರ್ ಜೆಡ್ ಮಾಡಿ, ಅಂದ್ರೆ ಕೋರಿಲೇಷನ್‌ಗಳನ್ನ ಸರಾಸರಿಗೆ ಒಗ್ಗೋ ಅಳತೆಗೆ ಬದಲಾಯಿಸಿ.

ಸರಿ ಇದೆಯಾ ಅಂತ ಹೇಗೆ ತಿಳಿಯೋದು? ದೃಷ್ಟಿಯ ಪ್ರದೇಶಗಳು ಡಯಾಗನಲ್ ಹತ್ರ ಒಂದು ಗಟ್ಟಿ ಚೌಕವಾಗಿ ಕಾಣಬೇಕು, ಎಡ-ಬಲ ಜೋಡಿಗಳು ಜೋರಾಗಿ ಇರಬೇಕು, ಹಿಂದಿನ ಸಿಂಗ್ಯುಲೇಟ್ ಮತ್ತು ಮುಂದಿನ ಮೀಡಿಯಲ್ ಪ್ರಿಫ್ರಂಟಲ್ ದೂರದಲ್ಲಿದ್ರೂ ಸೇರ್ಕೊಂಡಿರಬೇಕು. ಇಡೀ ಮ್ಯಾಟ್ರಿಕ್ಸ್ ಕೆಂಪೋ ಕೆಂಪು ಅಂದ್ರೆ ಕ್ಲೀನಿಂಗ್ ಆಗಿಲ್ಲ.

ಒಬ್ಬ ವ್ಯಕ್ತಿಯ ನಂಬಬಹುದಾದ ಮ್ಯಾಪ್ ಬೇಕಂದ್ರೆ 5 ನಿಮಿಷ ಸಾಲಲ್ಲ, ಮಿಡ್‌ನೈಟ್ ಸ್ಕ್ಯಾನ್ ಕ್ಲಬ್ ಡೇಟಾ ನೋಡಿ, 10 ಜನ ಅಷ್ಟೇ, ಆದ್ರೆ ಒಬ್ಬೊಬ್ಬರದ್ದೂ 5 ಗಂಟೆ ರೆಸ್ಟಿಂಗ್ ಸ್ಕ್ಯಾನ್. ಅದೂ ಓಪನ್‌ನ್ಯೂರೋದಲ್ಲೇ ಇದೆ.

ಹಂತ 5: ಸ್ಟ್ರಕ್ಚರಲ್ ಮ್ಯಾಟ್ರಿಕ್ಸ್

ನೀರಿನ ಕಣಗಳು ಆಕ್ಸಾನ್ ಉದ್ದಕ್ಕೆ ಸಲೀಸಾಗಿ ಹರಿಯತ್ತೆ, ಅಡ್ಡಕ್ಕೆ ಅಷ್ಟು ಸಲೀಸಲ್ಲ, ಡಿಫ್ಯೂಷನ್ ಎಂಆರ್‌ಐ ಅಳೆಯೋದು ಈ ವ್ಯತ್ಯಾಸಾನ. ಎಂಆರ್‌ಟ್ರಿಕ್ಸ್‌ನಲ್ಲಿ ಕ್ರಮ ಹೀಗೆ: ಮೊದಲು ಡಿನಾಯ್ಸ್, ಆಮೇಲೆ ಗಿಬ್ಸ್ ರಿಂಗಿಂಗ್ ತೆಗೆಯೋದು, ಆಮೇಲೆ ಅಲುಗಾಟ ಮತ್ತು ಎಡ್ಡಿ ಕರೆಂಟ್ ಸರಿಪಡಿಸೋದು, ಆಮೇಲೆ ಬಯಾಸ್ ಫೀಲ್ಡ್. ಡಿನಾಯ್ಸ್ ಯಾವತ್ತೂ ಮೊದಲೇ, ಡೇಟಾನ ಬೇರೆ ಏನಾದ್ರೂ ಮಾಡಿದ್ಮೇಲೆ ನಾಯ್ಸ್‌ನ ಸ್ವರೂಪಾನೇ ಬದಲಾಗಿ ಅದು ಕೆಲಸ ಮಾಡಲ್ಲ. ಉಲ್ಟಾ ಫೇಸ್ ಎನ್‌ಕೋಡಿಂಗ್‌ನಲ್ಲಿ ತೆಗೆದ ಇಮೇಜ್ ಇಲ್ದಿದ್ರೆ ಹಣೆ ಹತ್ರ ಮಿದುಳು ಎಳೆದ ಹಾಗೆ ಕಾಣೋ ಡಿಸ್ಟಾರ್ಷನ್ ಉಳ್ಕೊಳ್ಳತ್ತೆ, ಅದಕ್ಕೆ ಸಿನ್‌ಬಿ0-ಡಿಸ್ಕೋ ಅನ್ನೋ ಟೂಲ್ ಟಿ1 ನೋಡಿ ಸರಿಯಾದ ಇಮೇಜನ್ನ ಊಹಿಸಿಕೊಡತ್ತೆ.

ಈಗ ಈ ಗೈಡ್‌ನಲ್ಲಿ ಅತಿ ಮುಖ್ಯವಾದ ಚೆಕ್. ಬಣ್ಣದ ಎಫ್‌ಎ ಮ್ಯಾಪ್ (ನೀರು ಯಾವ ದಿಕ್ಕಿಗೆ ಹೆಚ್ಚು ಹರಿಯತ್ತೆ ಅನ್ನೋದು) ಮಾಡಿ ಎಂಆರ್‌ವ್ಯೂನಲ್ಲಿ ತೆಗೀರಿ. ಕೆಂಪು ಅಂದ್ರೆ ಎಡ-ಬಲ, ಹಸಿರು ಮುಂದೆ-ಹಿಂದೆ, ನೀಲಿ ಮೇಲೆ-ಕೆಳಗೆ. ನಡುವಿನ ಕಾರ್ಪಸ್ ಕಲೋಸಂ ಕೆಂಪಗಿರಬೇಕು, ಅದರ ಮೇಲಿನ ಸಿಂಗ್ಯುಲಂ ಹಸಿರು ಎಳೆಯಾಗಿ ಕಾಣಬೇಕು, ಬೆನ್ನುಹುರಿ ಕಡೆ ಇಳಿಯೋ ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್ ನೀಲಿ. ಇಷ್ಟಕ್ಕೇ ಸಮಾಧಾನ ಆಗಬೇಡಿ, ಯಾಕಂದ್ರೆ ಗ್ರೇಡಿಯೆಂಟ್ ಟೇಬಲ್‌ನಲ್ಲಿ (ಸ್ಕ್ಯಾನ್ ಯಾವ ಯಾವ ದಿಕ್ಕಲ್ಲಿ ಅಳೀತು ಅನ್ನೋ ಪಟ್ಟಿ) ಒಂದು ಮೈನಸ್ ಚಿಹ್ನೆ ಉಲ್ಟಾ ಆದ್ರೂ ಬಣ್ಣ ಸರಿಯಾಗೇ ಕಾಣತ್ತೆ, ದಿಕ್ಕು ಮಾತ್ರ ತಪ್ಪಿರತ್ತೆ. ಕಾರ್ಪಸ್ ಕಲೋಸಂ ಎರಡೂ ಕಡೆ ಮೇಲಕ್ಕೆ ಬಾಗೋ ಜಾಗಕ್ಕೆ ಝೂಮ್ ಮಾಡಿ ಕಡ್ಡಿಗಳು ಆ ಬಾಗನ್ನೇ ಹಿಡಿದು ಹೋಗ್ತಿದೆಯಾ ನೋಡಿ, ಅಡ್ಡಾದಿಡ್ಡಿ ಇದ್ರೆ ಡಿಡಬ್ಲ್ಯುಐಗ್ರ್ಯಾಡ್‌ಚೆಕ್ ಓಡಿಸಿ ಸರಿ ಮಾಡಿ. ಇದನ್ನ ಬಿಟ್ರೆ ಮುಂದಿನ ಎಲ್ಲಾ ಸ್ಟೆಪ್ಪೂ ಎರರ್ ಕೊಡದೇ ಓಡತ್ತೆ, ಬರೋ ಮ್ಯಾಟ್ರಿಕ್ಸ್ ಮಾತ್ರ ಕಸ.

ಹಳೇ ಟೆನ್ಸರ್ ಮಾಡೆಲ್ ಒಂದು ವಾಕ್ಸೆಲ್‌ಗೆ ಒಂದೇ ದಿಕ್ಕು ಕೊಡತ್ತೆ, ಆದ್ರೆ ಬಿಳಿ ದ್ರವ್ಯದ ಬಹುಪಾಲು ವಾಕ್ಸೆಲ್‌ಗಳಲ್ಲಿ ನಾರುಗಳು ಒಂದನ್ನೊಂದು ದಾಟ್ತವೆ. ಅದಕ್ಕೇ ಒಂದು ವಾಕ್ಸೆಲ್‌ನಲ್ಲಿ ಹಲವು ದಿಕ್ಕು ಹಿಡಿಯೋ ಸಿಎಸ್‌ಡಿ ಬಳಸಿ. ನಮ್ಮ ಡೇಟಾ ಒಂದೇ ಶೆಲ್, ಬಿ 1000 (ಡಿಫ್ಯೂಷನ್ ಅಳೆದ ತೀವ್ರತೆ ಒಂದೇ), ಹಾಗಾಗಿ ಮಲ್ಟಿ-ಟಿಶ್ಯೂ ಮಾಡಿದ್ರೂ ಬಿಳಿ ದ್ರವ್ಯ ಮತ್ತು ಸಿಎಸ್‌ಎಫ್ (ಮಿದುಳಿನ ಸುತ್ತಲಿನ ದ್ರವ) ಎರಡನ್ನೇ ಕೊಡಿ, ಬೂದು ದ್ರವ್ಯಾನೂ ಸೇರಿಸಿ ಮೂರೂ ಕೇಳಿದ್ರೆ ಡೇಟಾಗೆ ಅಷ್ಟು ತಾಕತ್ತಿಲ್ಲ. ಆಮೇಲೆ ಟಿ1 ಇಂದ ಐದು ಟಿಶ್ಯೂ ಇಮೇಜ್ ಮಾಡಿ, ಎಸಿಟಿ (ನಾರುಗಳು ಅಂಗರಚನೆ ಮೀರದಂತೆ ತಡೆಯೋದು) ಹಾಕಿ, ಐಎಫ್‌ಓಡಿ2 ಅನ್ನೋ ಅಲ್ಗಾರಿದಮ್‌ನಲ್ಲಿ 1 ಕೋಟಿ ಸ್ಟ್ರೀಮ್‌ಲೈನ್, ಅಂದ್ರೆ ಕಂಪ್ಯೂಟರ್ ಎಳೆದ ನಾರಿನ ಗೆರೆ. ಮೊದಲು 10 ಲಕ್ಷದಲ್ಲಿ ಟ್ರೈ ಮಾಡಿ, ಒಮ್ಮೆಗೇ 1 ಕೋಟಿ ಮಾಡಿದ್ರೆ ಡಿಸ್ಕ್ ತುಂಬೋಗತ್ತೆ. ಸ್ಟ್ರೀಮ್‌ಲೈನ್ ಎಷ್ಟಿದೆ ಅನ್ನೋದು ಆಕ್ಸಾನ್ ಎಷ್ಟಿದೆ ಅನ್ನೋದಲ್ಲ, ಅದಕ್ಕೇ ಸಿಫ್ಟ್2 ಓಡಿಸಿ ಪ್ರತಿ ಸ್ಟ್ರೀಮ್‌ಲೈನ್‌ಗೆ ತೂಕ ಕೊಡಿ, ಆಮೇಲೆ ಟ್ರ್ಯಾಕ್‌ಟುಕನೆಕ್ಟೋಮ್‌ನಲ್ಲಿ ಅದೇ ಶೇಫರ್ 100 ಅಟ್ಲಾಸ್ ಕೊಟ್ಟು ಮ್ಯಾಟ್ರಿಕ್ಸ್ ತೆಗೀರಿ. ಉದ್ದದ ಮ್ಯಾಟ್ರಿಕ್ಸ್ ಕೂಡ ಈಗ್ಲೇ ತೆಗೆದಿಡಿ, ಮಾಡೆಲ್‌ಗೆ ಬೇಕು.

ಸುಂದರವಾದ ಬಣ್ಣಬಣ್ಣದ ಟ್ರ್ಯಾಕ್ಟ್ ಚಿತ್ರಕ್ಕೆ ಮರುಳಾಗಬೇಡಿ. 2017ರಲ್ಲಿ 20 ತಂಡಗಳಿಗೆ ಉತ್ತರ ಮೊದಲೇ ಗೊತ್ತಿರೋ ಕೃತಕ ಡೇಟಾ ಕೊಟ್ಟು ಪರೀಕ್ಷೆ ಮಾಡಿದ್ರು, 96 ಸಲ್ಲಿಕೆ ಬಂತು. ನಿಜವಾದ ಬಂಡಲ್‌ಗಳಲ್ಲಿ (ನಾರಿನ ಕಟ್ಟು) 90 ಪರ್ಸೆಂಟ್ ಅಲ್ಪಸ್ವಲ್ಪನಾದ್ರೂ ಹೆಚ್ಚಿನವರಿಗೆ ಸಿಕ್ತು, ಆದ್ರೆ ಅದಕ್ಕಿಂತ ಜಾಸ್ತಿ ಇಲ್ದೇ ಇರೋ ಬಂಡಲ್‌ಗಳೂ ಬಂದ್ವು. ಈ ಸುಳ್ಳು ನಾರುಗಳನ್ನ ಜರಡಿ ಹಿಡಿಯೋ ಕೆಲಸ ನಮ್ಮ ಬೆಂಗಳೂರಲ್ಲೂ ಆಗಿದೆ, ಐಐಎಸ್ಸಿಯ ಶ್ರೀಧರನ್ ದೇವರಾಜನ್ ಅವರ ತಂಡ 2022ರಲ್ಲಿ ರಿಯಲ್-ಲೈಫ್ ಅನ್ನೋ ಅಲ್ಗಾರಿದಮ್ ಕೊಡ್ತು. ಜಿಪಿಯು ಮೇಲೆ ಓಡೋದ್ರಿಂದ ಹಳೇ ವಿಧಾನಕ್ಕಿಂತ 100 ಪಟ್ಟಿಗೂ ಜಾಸ್ತಿ ವೇಗ, ಹಾಗಾಗಿ ಲಕ್ಷಗಟ್ಟಲೆ ಸ್ಟ್ರೀಮ್‌ಲೈನ್‌ನಲ್ಲಿ ಅನಾವಶ್ಯಕವಾದದ್ದನ್ನ ಕಿತ್ತು ಹಾಕೋದು ಕೈಗೆಟುಕೋ ಕೆಲಸ ಆಯ್ತು. ಮುಂದೆ ಗಂಭೀರವಾಗಿ ಮಾಡೋರು ನೋಡ್ಲೇಬೇಕು.

ಹಂತ 6: ಗ್ರಾಫ್ ಲೆಕ್ಕ

ಇದು ಸುಲಭದ ಭಾಗ, ಅದಕ್ಕೇ ಎಲ್ರೂ ಇಲ್ಲಿ ಜಾಸ್ತಿ ಆಟ ಆಡ್ತಾರೆ. ಈಗ ಮ್ಯಾಟ್ರಿಕ್ಸನ್ನ ಪ್ರದೇಶಗಳ ನೆಟ್‌ವರ್ಕ್ ಅಂತ ನೋಡೋದು. ಬಿಸಿಟಿ ಟೂಲ್‌ಬಾಕ್ಸ್‌ನ ಪೈಥಾನ್ ರೂಪದಲ್ಲಿ ಡಿಗ್ರಿ (ಒಂದು ಪ್ರದೇಶಕ್ಕೆ ಎಷ್ಟು ಕನೆಕ್ಷನ್), ಮಾಡ್ಯುಲಾರಿಟಿ (ಗುಂಪು ಗುಂಪಾಗಿ ಎಷ್ಟು ಒಡೆಯತ್ತೆ) ಎಲ್ಲ ಒಂದೊಂದು ಲೈನ್. ಹಬ್ (ತುಂಬಾ ಕನೆಕ್ಷನ್ ಇರೋ ಪ್ರದೇಶ) ಸಿಕ್ತು, ಸ್ಮಾಲ್-ವರ್ಲ್ಡ್ (ಎಲ್ಲಿಂದ ಎಲ್ಲಿಗಾದ್ರೂ ಕೆಲವೇ ಹೆಜ್ಜೆ) ಸಿಕ್ತು ಅಂತ ಕುಣಿಯೋ ಮುಂಚೆ ನಲ್ ಮಾಡೆಲ್, ಅಂದ್ರೆ ಕನೆಕ್ಷನ್ ಕಲಸಿದ ನೆಟ್‌ವರ್ಕ್ ಜೊತೆ ಹೋಲಿಸಿ. ಕೋರಿಲೇಷನ್ ಮ್ಯಾಟ್ರಿಕ್ಸ್‌ನ ಗುಣವೇ ಹಾಗೆ, ಅ-ಆ ಸೇರಿ, ಆ-ಇ ಸೇರಿದ್ರೆ ಅ-ಇ ತಾನಾಗೇ ಸ್ವಲ್ಪ ಸೇರತ್ತೆ, ಕ್ಲಸ್ಟರಿಂಗ್ ಪುಕ್ಕಟೆ ಬರತ್ತೆ. ಮಿದುಳಲ್ಲಿ ಪಕ್ಕಪಕ್ಕದವು ಹೆಂಗೂ ಹೋಲ್ತವೆ, ಹಾಗಾಗಿ ಎರಡು ಮ್ಯಾಪ್ ಹೋಲಿಸೋವಾಗ ಸ್ಪಿನ್ ಟೆಸ್ಟ್ (ಒಂದು ಮ್ಯಾಪ್‌ನ ಮಿದುಳಿನ ಮೇಲೆ ಮನಬಂದಂತೆ ತಿರುಗಿಸಿ ಹೋಲಿಸೋದು) ಮಾಡಿ. ಥ್ರೆಶೋಲ್ಡ್ (ಎಷ್ಟಕ್ಕಿಂತ ಕಮ್ಮಿ ಇರೋ ಕನೆಕ್ಷನ್ ಬಿಡೋದು) ಒಂದೇ ಇಟ್ಟು ನಿಲ್ಲಬೇಡಿ, ಹಲವು ಇಟ್ಟು ಫಲಿತಾಂಶ ಉಳಿಯತ್ತಾ ನೋಡಿ.

ಹಂತ 7: ಮಾಡೆಲ್

ಪ್ರತಿ ಪ್ರದೇಶಕ್ಕೆ ಒಂದು ಚಿಕ್ಕ ಸಮೀಕರಣ ಕೊಡಿ, ಅವನ್ನ ಸ್ಟ್ರಕ್ಚರಲ್ ಮ್ಯಾಟ್ರಿಕ್ಸ್ ಮೂಲಕ ಜೋಡಿಸಿ, ಓಡಲು ಬಿಡಿ. ನ್ಯೂರೋಲಿಬ್ ಕಲಿಯೋಕೆ ಸುಲಭ, ದಿ ವರ್ಚುಯಲ್ ಬ್ರೈನ್ ದೊಡ್ಡದು. ವಿಲ್ಸನ್-ಕೋವನ್ ಮಾಡೆಲ್ ತಗೊಳ್ಳಿ, 1972ರದ್ದು, ಪ್ರಚೋದಿಸೋ ಗುಂಪು ಒಂದು, ತಡೆಯೋ ಗುಂಪು ಒಂದು ಅಷ್ಟೇ. ತೂಕದ ಮ್ಯಾಟ್ರಿಕ್ಸ್‌ನ ಅದರ ಗರಿಷ್ಠದಿಂದ ಭಾಗಿಸಿ. ಉದ್ದದ ಮ್ಯಾಟ್ರಿಕ್ಸ್‌ನ ವೇಗದಿಂದ ಭಾಗಿಸಿದ್ರೆ ಡಿಲೇ, 100 ಮಿಲಿಮೀಟರ್ ದೂರ, ಸೆಕೆಂಡಿಗೆ 10 ಮೀಟರ್ ವೇಗ ಅಂದ್ರೆ 10 ಮಿಲಿಸೆಕೆಂಡ್. ಬಂದ ಚಟುವಟಿಕೇನ ಬಲೂನ್-ವಿಂಡ್‌ಕೆಸೆಲ್ ಅನ್ನೋ ರಕ್ತ ಹರಿವಿನ ಮಾಡೆಲ್ ಮೂಲಕ ಬೋಲ್ಡ್ (ಎಫ್‌ಎಂಆರ್‌ಐ ಅಳೆಯೋ) ಸಿಗ್ನಲ್ ಮಾಡಿ, ಅದರ ಕೋರಿಲೇಷನ್ ಮ್ಯಾಟ್ರಿಕ್ಸ್ ತೆಗೆದು, ಹಂತ 4ರ ನಿಜವಾದ ಮ್ಯಾಟ್ರಿಕ್ಸ್‌ನ ಮೇಲಿನ ತ್ರಿಕೋನದ ಜೊತೆ ಹೋಲಿಸಿ.

ತಿರುಗಿಸಬೇಕಾದ ಕೀಲಿ ಒಂದೇ, ಗ್ಲೋಬಲ್ ಕಪ್ಲಿಂಗ್, ಅಂದ್ರೆ ಪ್ರದೇಶಗಳು ಒಂದರ ಮೇಲೊಂದು ಎಷ್ಟು ಪ್ರಭಾವ ಬೀರತ್ತೆ ಅನ್ನೋದು. ತೀರ ಕಮ್ಮಿ ಇಟ್ರೆ ಪ್ರತಿ ಪ್ರದೇಶ ತನ್ನಷ್ಟಕ್ಕೆ, ತೀರ ಜಾಸ್ತಿ ಇಟ್ರೆ ಇಡೀ ಮಿದುಳು ಒಂದೇ ತಾಳಕ್ಕೆ ಕುಣಿಯತ್ತೆ, ನಡುವೆ ಒಂದು ಕಿರಿದಾದ ಜಾಗದಲ್ಲಿ ನಿಜದ ಡೇಟಾಗೆ ಹತ್ತಿರ ಬರತ್ತೆ. ಆ ಗ್ರಾಫ್ ನೋಡಿದಾಗ ಈ ಕೆಲಸದ ರುಚಿ ಹತ್ತತ್ತೆ. ಆದ್ರೆ ಪ್ರಾಮಾಣಿಕವಾಗಿ ಎರಡು ಹೋಲಿಕೆ ಇಡ್ಲೇಬೇಕು: ಮಾಡೆಲ್ ಇಲ್ದೇ ಸ್ಟ್ರಕ್ಚರಲ್ ಮ್ಯಾಟ್ರಿಕ್ಸ್ ಒಂದೇ ಎಷ್ಟು ಹೊಂದತ್ತೆ, ಬರೀ ದೂರ ಒಂದೇ ಎಷ್ಟು ಹೊಂದತ್ತೆ. ಮಾಡೆಲ್ ಇವೆರಡನ್ನೂ ಮೀರದಿದ್ರೆ ಅದೇನೂ ಹೊಸದು ಹೇಳ್ತಿಲ್ಲ. ಕಪ್ಲಿಂಗ್ ಆರಿಸಿದ್ದು ಒಂದು ಗುಂಪಿನ ಮೇಲೆ, ಪರೀಕ್ಷೆ ಇನ್ನೊಂದು ಗುಂಪಿನ ಮೇಲೆ. ಫ್ರಾನ್ಸಿನ ಮಾರ್ಸೇಯ ತಂಡ ಇದೇ ದಾರೀಲಿ ರೋಗಿಯ ಸ್ವಂತ ಕನೆಕ್ಟೋಮ್ ಇಟ್ಟು ಎಪಿಲೆಪ್ಸಿ ಎಲ್ಲಿಂದ ಶುರು ಆಗತ್ತೆ ಅಂತ ಹುಡುಕ್ತಿದೆ, ಅಂದ್ರೆ ಇದು ಬರೀ ಆಟ ಅಲ್ಲ.

ಹಂತ 8: ಹಂಚಿಕೊಳ್ಳೋದು

ಕೋಡ್ ಗಿಟ್‌ಹಬ್‌ಗೆ, ಮ್ಯಾಟ್ರಿಕ್ಸ್‌ಗಳು ಝೆನೋಡೋಗೆ, ಅಲ್ಲಿ ಡಿಓಐ (ಬೇರೆಯವರು ಉಲ್ಲೇಖಿಸೋಕೆ ಬೇಕಾದ ಶಾಶ್ವತ ನಂಬರ್) ಸಿಗತ್ತೆ. ಕಂಟೇನರ್ ವರ್ಷನ್, ರ‍್ಯಾಂಡಮ್ ಸೀಡ್, ಯಾರನ್ನ ಯಾಕೆ ಬಿಟ್ರಿ ಅನ್ನೋ ಪಟ್ಟಿ ಜೊತೇಲಿ ಹಾಕಿ. ನೀವೇ ಯಾವತ್ತಾದ್ರೂ ಡೇಟಾ ಸಂಗ್ರಹಿಸಿದ್ರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲು, ಹಂಚೋಕೆ ಬೇರೇನೇ ಒಪ್ಪಿಗೆ, ಮತ್ತೆ ಟಿ1ನಲ್ಲಿ ಮುಖ ಅಳಿಸೋದು. ಹೆಸರು ತೆಗೆದ್ರೆ ಸಾಲಲ್ಲ, 2019ರಲ್ಲಿ ಮೇಯೋ ಕ್ಲಿನಿಕ್‌ನವರು 84 ಜನರ ಎಂಆರ್‌ಐ ಇಂದ ಮುಖ ಕಟ್ಟಿ ಫೋಟೋ ಜೊತೆ ಹೋಲಿಸಿದಾಗ 70 ಜನರನ್ನ ಸಾಫ್ಟ್‌ವೇರ್ ಸರಿಯಾಗಿ ಗುರುತಿಸಿಬಿಡ್ತು.

ನಂಗೆ ತುಂಬಾ ಮುಖ್ಯ ಅನ್ಸೋದು ಇನ್ನೊಂದಿದೆ. ನಾವು ಬಳಸೋ ಓಪನ್ ಡೇಟಾ ಹೆಚ್ಚಿನದು ಅಮೆರಿಕ, ಯೂರೋಪಿನ ಜನರದ್ದು, ಎಲ್ರ ಮಿದುಳನ್ನೂ ಹೊಂದಿಸೋ ಎಂಎನ್‌ಐ152 ಟೆಂಪ್ಲೇಟ್ ಮಾಂಟ್ರಿಯಲ್‌ನ 152 ಜನರದ್ದು. ಹೈದರಾಬಾದಿನ ಐಐಐಟಿ 100 ಭಾರತೀಯರ ಸ್ಕ್ಯಾನ್ ಇಂದ ಒಂದು ಅಟ್ಲಾಸ್ ಮಾಡಿದೆ, ಸರಾಸರಿ ಅಳತೆ ಎಂಎನ್‌ಐಗಿಂತ ಚಿಕ್ಕದು ಅಂತ ಅದರಲ್ಲಿ ಕಂಡುಬಂತು. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ವಯಸ್ಸಾದವರನ್ನ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡ್ತಿದೆ, ಎಂಆರ್‌ಐ ಕೂಡ ಅದರ ಭಾಗ. ಇಂಥ ಡೇಟಾ ಮೇಲೆ ಕೆಲಸ ಮಾಡೋಕೆ ಬರೋ ಕೈಗಳು ನಮ್ಮಲ್ಲಿ ಜಾಸ್ತಿ ಬೇಕು, ಅದಕ್ಕೆ ತಯಾರಿ ಈ ಮೇಲಿನದ್ದೇ.

ಹಾಕೋ ಮುಂಚೆ ಕೊನೇ ಪರೀಕ್ಷೆ: ಫೋಲ್ಡರನ್ನ ಫ್ರೆಂಡ್‌ಗೆ ಕೊಟ್ಟು, ನೀವು ಬಾಯಿ ಬಿಡದೇ ಅವರ ಮಷೀನಲ್ಲಿ ಓಡಿಸೋಕೆ ಹೇಳಿ. ಟ್ರಾಕ್ಟೋಗ್ರಫಿ ಹಲವು ಥ್ರೆಡ್‌ನಲ್ಲಿ ಓಡೋದ್ರಿಂದ ಸಂಖ್ಯೆ ಅಕ್ಷರಶಃ ಒಂದೇ ಬರಲ್ಲ, ಪರವಾಗಿಲ್ಲ. ಆದ್ರೆ ಇಬ್ಬರ ಸ್ಟ್ರಕ್ಚರಲ್ ಮ್ಯಾಟ್ರಿಕ್ಸ್ ನಡುವಿನ ಕೋರಿಲೇಷನ್ 1ಕ್ಕೆ ತೀರ ಹತ್ತಿರ ಇರಬೇಕು. ಇಲ್ಲ ಅಂದ್ರೆ ಸ್ಟ್ರೀಮ್‌ಲೈನ್ ಸಂಖ್ಯೆ ಸಾಲಲ್ಲ, ಇಲ್ಲಾ ಎಲ್ಲೋ ಒಂದು ಸೆಟ್ಟಿಂಗ್ ಬರೆಯೋದು ಬಿಟ್ಟುಹೋಗಿದೆ, ಹಂತ 5ಕ್ಕೆ ವಾಪಸ್ ಹೋಗಿ ಎರಡೂ ಲಾಗ್ ಫೈಲ್ ಪಕ್ಕಪಕ್ಕ ಇಟ್ಟು ನೋಡಿ.